ಲಾಲ್‌ಬಾಗ್‌ನ ಹಳೆಯ ಮರಗಳಿಗೆ ಬುಡದ ಮಣ್ಣೇ ಮೊದಲು

ಸಂಪಾದಕರಿಗೆ,

ಮಾನ್ಯರೇ,

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಗೆ ಲಾಲ್‌ಬಾಗ್‌ನ ಜಾಗವೂ ಬೇಕಾಗುತ್ತದೆಂಬ ಸುದ್ದಿ ಹೊರಬಿದ್ದಾಗಿನಿಂದ ಎಲ್ಲೆಡೆ ಎಕರೆಗಳ ಲೆಕ್ಕ ನಡೆದಿದೆ. ನಡೆಯಲೇಬೇಕು. 240 ಎಕರೆಯಲ್ಲಿ ಒಂದು ಗುಂಟೆ ಹೋದರೂ ಅದು ವಾಪಸ್ ಬರುವುದಿಲ್ಲ. ಆದರೆ ಕಾಂಪೌಂಡಿನ ಒಳಗೇ, ಯಾರೂ ಕಬಳಿಸದೆ, ಯಾವ ಕಡತವೂ ಓಡಾಡದೆ ಆಗುತ್ತಿರುವ ಇನ್ನೊಂದು ನಷ್ಟದ ಬಗ್ಗೆ ಮಾತೇ ಇಲ್ಲ. ಹಳೆಯ ಮರಗಳ ಬುಡದ ಮಣ್ಣು ತುಳಿತಕ್ಕೆ ಸಿಕ್ಕಿ ಗಟ್ಟಿಯಾಗುತ್ತಿದೆ. ಹತ್ತು ವರ್ಷ ಬಿಟ್ಟು ಮರ ಉರುಳಿದಾಗ ಗಾಳಿಮಳೆಯ ತಲೆಗೆ ಕಟ್ಟಿ ಸುಮ್ಮನಾಗುತ್ತೇವೆ.

ಇದು ಯಾಕೆ ಈಗಲೇ ಯೋಚಿಸಬೇಕಾದ ವಿಷಯ ಎಂಬುದು ತೋಟದ ಚರಿತ್ರೆ ನೋಡಿದರೆ ತಿಳಿಯುತ್ತದೆ. 1760ರಲ್ಲಿ ಹೈದರಾಲಿ ಇಲ್ಲಿ ತೋಟ ಹಾಕಿಸಲು ಶುರುಮಾಡಿದಾಗ ಅದು ಸುಮಾರು 40 ಎಕರೆಯದು. ಟಿಪ್ಪು ಹೊರನಾಡುಗಳಿಂದ ಬೀಜ, ಸಸಿ ತರಿಸಿ ಬೆಳೆಸಿದ. 1799ರ ನಂತರ ತೋಟ ಬ್ರಿಟಿಷರ ಕೈಸೇರಿ, ಹಲವು ಕೈ ಬದಲಾಗಿ, 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು. ಲಂಡನ್ನಿನ ಕ್ಯೂ ತೋಟದಿಂದ ಬಂದ ವಿಲಿಯಂ ನ್ಯೂ, ಆಮೇಲೆ 1874ರಿಂದ 1908ರವರೆಗೆ ಜಾನ್ ಕ್ಯಾಮರಾನ್ ಇದನ್ನು ನಡೆಸಿದರು. ಹೊರದೇಶದ ಹಣ್ಣು, ತರಕಾರಿ, ಸಾಲುಮರಗಳು ನಮ್ಮ ಹವೆಗೆ ಒಗ್ಗುತ್ತವೆಯೇ ಎಂಬ ಪರೀಕ್ಷೆ ಹೆಚ್ಚಾಗಿ ನಡೆದದ್ದು ಕ್ಯಾಮರಾನ್ ಕಾಲದಲ್ಲಿ. ಇಂದು ನಾವು ಸಾಂಬಾರಿಗೆ ಹೆಚ್ಚುವ ಸೀಮೆಬದನೆ ಬೆಂಗಳೂರಿನ ಸುತ್ತ ಹಬ್ಬಿದ್ದು ಹಾಗೆಯೇ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ ಗಾಜಿನ ಮನೆಯೂ ಈತನ ಅವಧಿಯದೇ. 1908ರಲ್ಲಿ ಬಂದ ಜರ್ಮನಿಯ ಜಿ.ಎಚ್. ಕೃಂಬಿಗಲ್ 1932ರವರೆಗೆ ಇದ್ದರು. ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಊರಿನ ಬೀದಿಗಳಿಗೆ ಮರ ಆರಿಸಿದ್ದು ಅವರು. ಆಮೇಲೆ ಎಚ್.ಸಿ. ಜವರಾಯ, ಅವರ ತರುವಾಯ ಎಂ.ಎಚ್. ಮರಿಗೌಡ. ತೋಟ 240 ಎಕರೆಗೆ ಬೆಳೆದದ್ದು ಮರಿಗೌಡರ ಕಾಲದಲ್ಲಿ.

ಇದರ ಅರ್ಥ, ಲಾಲ್‌ಬಾಗ್‌ನ ದೊಡ್ಡ ಮರಗಳು ಒಂದೊಂದಾಗಿ ಬೇರೆಬೇರೆ ಕಾಲದಲ್ಲಿ ಹುಟ್ಟಿದವಲ್ಲ, ತಂಡತಂಡವಾಗಿ ನೆಟ್ಟವು. ನ್ಯೂ ಮತ್ತು ಕ್ಯಾಮರಾನ್ ನೆಡಿಸಿದ ತಂಡಕ್ಕೆ ಈಗ 120ರಿಂದ 160 ವರ್ಷ. ದೊಡ್ಡ ಬಿಳಿ ಬೂರುಗದಂಥ ಕೆಲವು ಇನ್ನೂರರ ಆಸುಪಾಸಿನವು. ಒಟ್ಟಿಗೆ ನೆಟ್ಟವು ಒಟ್ಟಿಗೇ ಮುದಿಯಾಗುತ್ತವೆ. ಕಾಡಿನಲ್ಲಾದರೆ ದೊಡ್ಡ ಮರದ ಕೆಳಗೆ ನಾಲ್ಕು ತಲೆಮಾರಿನ ಸಸಿಗಳು ಕಾದು ಕುಳಿತಿರುತ್ತವೆ. ಇಲ್ಲಿ ಕೆಳಗಿರುವುದು ಹುಲ್ಲುಹಾಸು, ಅದರ ಮೇಲೆ ಜನ.

ಇನ್ನೊಂದು ಮಾತು. ಕಬ್ಬನ್ ಪಾರ್ಕು ಮತ್ತು ಲಾಲ್‌ಬಾಗ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ನಮಗೆ ಅಭ್ಯಾಸವಾಗಿದೆ. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಕಬ್ಬನ್ ಪಾರ್ಕು ಜನ ಅಡ್ಡಾಡಲೆಂದೇ ಮಾಡಿದ್ದು. ಲಾಲ್‌ಬಾಗ್ ಸಸ್ಯತೋಟ. ಪಾರ್ಕಿನಲ್ಲಿ ಒಂದು ಮರ ಸತ್ತರೆ ಆ ಜಾಗದಲ್ಲಿ ಇನ್ನಾವುದೋ ನೆರಳಿನ ಮರ ನೆಟ್ಟರೂ ಕೆಲಸ ನಡೆಯುತ್ತದೆ. ಸಸ್ಯತೋಟದಲ್ಲಿ ಆ ಮರವೇ ದಾಖಲೆ. ಅದು ಯಾವ ಜಾತಿ, ಎಲ್ಲಿಂದ ಬಂತು, ಯಾವಾಗ ನೆಟ್ಟರು ಎಂಬುದರ ಜೊತೆಗೇ ಅದಕ್ಕೆ ಬೆಲೆ. ಬರ್ಮಾದ ಆಮ್ಹರ್ಸ್ಟಿಯಾ ಎಂಬ ಹೂಮರ ಒಂದು ಒಣಗಿ, ಅದರ ಜಾಗಕ್ಕೆ ಹೊಂಗೆ ಬಂದರೆ ನೆರಳಿಗೆ ಕೊರತೆಯಿಲ್ಲ, ಲಾಲ್‌ಬಾಗ್‌ಗೆ ಮಾತ್ರ ಕೊರತೆ.

ಈಗ ಬುಡಕ್ಕೆ ಬರೋಣ. ಮರದ ಬೇರು ತಾಯಿಬೇರಾಗಿ ಪಾತಾಳಕ್ಕೆ ಇಳಿದಿರುತ್ತದೆಂಬುದು ಬಹಳ ಜನರ ನಂಬಿಕೆ. ಹಾಗಿಲ್ಲ. ನೀರು, ಪೋಷಕಾಂಶ ಹೀರುವ ಸಣ್ಣ ಬೇರುಗಳಲ್ಲಿ ಬಹುಪಾಲು ಮೇಲಿನ 30ರಿಂದ 60 ಸೆಂ.ಮೀ. ಮಣ್ಣಿನಲ್ಲೇ ಇರುತ್ತವೆ. ಅಗಲಕ್ಕೆ ಮಾತ್ರ ಕೊಂಬೆಗಳ ತುದಿಯನ್ನೂ ದಾಟಿ ದೂರ ಹೋಗಿರುತ್ತವೆ. ಒಳ್ಳೆಯ ಮಣ್ಣಿನಲ್ಲಿ ಅರ್ಧ ಭಾಗ ಮಾತ್ರ ಮಣ್ಣಿನ ಕಣ, ಉಳಿದರ್ಧ ಸಂದುಗಳು. ಆ ಸಂದುಗಳಲ್ಲಿ ಒಂದಷ್ಟು ನೀರು, ಒಂದಷ್ಟು ಗಾಳಿ. ಬೇರಿಗೂ ಉಸಿರಾಟ ಉಂಟು, ಆ ಗಾಳಿ ಅದಕ್ಕೆ ಬೇಕೇ ಬೇಕು. ಕಾಲಿಟ್ಟು ತುಳಿದಾಗ ಮೊದಲು ಮುಚ್ಚಿಹೋಗುವುದು ದೊಡ್ಡ ಸಂದುಗಳು. ಗಾಳಿ ಹೋಗುವುದೂ ಅವುಗಳಲ್ಲೇ, ಮಳೆನೀರು ಇಳಿಯುವುದೂ ಅವುಗಳಲ್ಲೇ. ಅವು ಮುಚ್ಚಿದರೆ ನೀರು ಮೇಲೆ ನಿಂತು ಹರಿದುಹೋಗುತ್ತದೆ, ಕೆಳಗಿನ ಮಣ್ಣು ಒಣಗಿರುತ್ತದೆ. ನಮ್ಮ ಕೆಂಪು ಗೋಡು ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ. ಹಾಗಾಗಿ ತುಳಿದು ಒಣಗಿದರೆ ಮೇಲ್ಪದರ ಹಪ್ಪಳಗಟ್ಟಿ, ಹಾರೆಯೂ ಇಳಿಯದಷ್ಟು ಗಟ್ಟಿಯಾಗುತ್ತದೆ.

ತುಳಿತದಲ್ಲೂ ಒಣ ಮಣ್ಣಿನ ತುಳಿತ ಬೇರೆ, ಒದ್ದೆ ಮಣ್ಣಿನ ತುಳಿತ ಬೇರೆ. ಒಣ ಮಣ್ಣಿನ ಕಣಗಳು ಒಂದಕ್ಕೊಂದು ತೊಡಕಿಕೊಂಡು ಭಾರ ತಡೆಯುತ್ತವೆ. ತೇವ ಇದ್ದರೆ ಜಾರಿ ಒತ್ತೊತ್ತಾಗಿ ಕೂರುತ್ತವೆ. ಈ ಒಂದು ಕಾರಣಕ್ಕೆ, ಜನವರಿಯ ಫಲಪುಷ್ಪ ಪ್ರದರ್ಶನಕ್ಕಿಂತ ಆಗಸ್ಟಿನದು ಮರಗಳಿಗೆ ಹೆಚ್ಚು ಹಾನಿ ಮಾಡುತ್ತದೆ. ಗಣರಾಜ್ಯೋತ್ಸವದ ಹೊತ್ತಿಗೆ ನೆಲ ಒಣಗಿರುತ್ತದೆ. ಸ್ವಾತಂತ್ರ್ಯ ದಿನದ ಹೊತ್ತಿಗೆ ಬೆಂಗಳೂರಿನ ಮಣ್ಣು ನೆನೆದಿರುತ್ತದೆ, ಮುಂದಿನ ಎರಡು ತಿಂಗಳೂ ಮಳೆಯವೇ. ಅದೇ ಹೊತ್ತಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಗಾಜಿನ ಮನೆಯೊಳಗಿನ ಹೂವಿನ ರಚನೆ ನೋಡಿ ಹೊರಬಂದವರು ಹತ್ತಿರದ ಮರಗಳ ನೆರಳಿಗೆ ಹೋಗಿ ಕೂರುತ್ತಾರೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ನೆರಳು ಇರುವುದೇ ಕೂರಲಿಕ್ಕೆ. ತಪ್ಪು, ಮಳಿಗೆ, ಜನರೇಟರ್, ಸಾಮಾನಿನ ಗಾಡಿಗಳನ್ನು ಡಾಂಬರು ದಾರಿಯ ಮೇಲೆ ನಿಲ್ಲಿಸದೆ ಮರದ ಕೆಳಗಿನ ಮಣ್ಣಿನ ಮೇಲೆ ನಿಲ್ಲಿಸುವುದರಲ್ಲಿದೆ. ನೆನೆದ ಮಣ್ಣಿನ ಮೇಲೆ ಭಾರದ ಗಾಡಿಯ ಚಕ್ರ ಒಂದೆರಡು ಸಲ ಓಡಿದರೆ ಸಾಕು, ಆಗಬಹುದಾದ ಹಾನಿಯಲ್ಲಿ ಹೆಚ್ಚಿನ ಪಾಲು ಆಗಿಹೋಗುತ್ತದೆ. ಹತ್ತನೆಯ ಸಲದ್ದು ಅದಕ್ಕೆ ಸ್ವಲ್ಪವಷ್ಟೇ ಸೇರಿಸುತ್ತದೆ. ‘ಒಂದೇ ಸಲ ತಾನೇ, ಬಿಡಿ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಪ್ರದರ್ಶನ ಬೇಡವೆಂದು ಹೇಳುತ್ತಿಲ್ಲ. ನೂರು ವರ್ಷ ದಾಟಿದ ಸಂಪ್ರದಾಯ ಅದು, ತೋಟದ ಹೆಸರು ಊರಾಚೆ ಹೋಗಿದ್ದರಲ್ಲಿ ಅದರ ಪಾಲೂ ದೊಡ್ಡದು. ಎಲ್ಲಿ ಗಾಡಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬ ಗೆರೆ ಬೇಕು ಅಷ್ಟೆ. ಆ ಗೆರೆ ಎಳೆಯುವುದಕ್ಕೆ ದೊಡ್ಡ ಸಮೀಕ್ಷೆ, ಸಲಹಾ ಕಂಪನಿ ಏನೂ ಬೇಕಿಲ್ಲ. ನೆಲದಿಂದ 1.4 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆಯನ್ನು ಟೇಪಿನಲ್ಲಿ ಹಿಡಿಯಬೇಕು. ಮರದ ವ್ಯಾಸದ 12 ಪಟ್ಟು ದೂರದವರೆಗಿನ ನೆಲವನ್ನು ಮುಟ್ಟಬಾರದೆಂಬುದು ಮರಪಾಲಕರು ಸಾಮಾನ್ಯವಾಗಿ ಬಳಸುವ ಲೆಕ್ಕ. ಸುತ್ತಳತೆಯಲ್ಲೇ ಹೇಳುವುದಾದರೆ ಅದರ ಸುಮಾರು ನಾಲ್ಕು ಪಟ್ಟು. ಸುತ್ತಳತೆ 3 ಮೀಟರ್ ಇದ್ದರೆ ಕಾಂಡದಿಂದ 12 ಮೀಟರ್ ದೂರಕ್ಕೆ ಗೂಟ ಹೊಡೆದು ಹಗ್ಗ ಕಟ್ಟಬೇಕು. ಬಿಳಿ ಬೂರುಗದಂಥ, ಬುಡದಲ್ಲಿ ಹಲಗೆಯ ಹಾಗೆ ಆನಿಕೆ ಬೇರು ಚಾಚಿರುವ ಮರಗಳಿಗೆ ಈ ಅಳತೆ ಹೊಂದುವುದಿಲ್ಲ. ಅವುಗಳಿಗೆ ಕೊಂಬೆಗಳ ತುದಿಯ ನೇರಕ್ಕೆ ಗೆರೆ ಹಾಕಿ, ಇನ್ನೆರಡು ಮೀಟರ್ ಸೇರಿಸುವುದು ವಾಸಿ. ದಾರಿ ಅಡ್ಡ ಬಂದರೆ ಆ ಕಡೆ ಗೆರೆ ಕುಗ್ಗುತ್ತದೆ. ಹಾಗಿದ್ದಾಗ ಉಳಿದ ಮೂರು ಕಡೆ ಬಿಟ್ಟುಕೊಡಬಾರದು.

ಜನ ದಾಟಲೇಬೇಕಾದ ಕಡೆಯೂ ಕೆಲವು ಇರುತ್ತವೆ. ಅಲ್ಲಿ ಮರದ ಚಕ್ಕೆಯನ್ನೋ ಒರಟು ತರಗೆಲೆಯನ್ನೋ 15 ಸೆಂ.ಮೀ. ದಪ್ಪಕ್ಕೆ ಹರಡಿ, ಮೇಲೆ ದಪ್ಪ ಪ್ಲೈವುಡ್ ಹಲಗೆ ಹಾಸಿದರೆ ಭಾರ ಹಂಚಿಹೋಗುತ್ತದೆ. ಬರಿಯ ತೆಂಗಿನ ನಾರಿನ ಚಾಪೆ ಹಾಸುವುದರಿಂದ ಕೆಸರು ಮೆತ್ತುವುದು ತಪ್ಪುತ್ತದೆಯೇ ಹೊರತು ಮಣ್ಣು ಒತ್ತುವುದು ತಪ್ಪುವುದಿಲ್ಲ. ಪ್ರದರ್ಶನ ಮುಗಿದ ವಾರದೊಳಗೆ ಹಲಗೆ ತೆಗೆಯಬೇಕು. ಬಿಟ್ಟರೆ ಕೆಳಗೆ ಗೆದ್ದಲು ಸೇರುತ್ತದೆ. ಇನ್ನು, ಐಸ್‌ಕ್ರೀಮ್ ಗಾಡಿಯವರು ಉಪ್ಪು ಬೆರೆತ ಮಂಜುಗಡ್ಡೆಯ ನೀರನ್ನು, ತಿಂಡಿಯವರು ಕರಿದ ಎಣ್ಣೆ, ಬಿಸಿನೀರನ್ನು ಸುರಿಯುವುದು ಸಾಮಾನ್ಯವಾಗಿ ಮರದ ಬುಡಕ್ಕೇ. ಮಳಿಗೆಗೆ ಒಂದರಂತೆ ಡ್ರಮ್ ಇಡಿಸಿದರೆ ಮುಗಿಯುವ ಕೆಲಸ ಇದು.

ಮಣ್ಣು ಈಗಾಗಲೇ ಗಟ್ಟಿಯಾಗಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಮಳೆ ಬಿದ್ದು ಎರಡು ದಿನವಾದ ಮೇಲೆ 10 ಮಿ.ಮೀ. ದಪ್ಪದ ಕಬ್ಬಿಣದ ಸರಳನ್ನು ಕೈಯಿಂದಲೇ ನೆಲಕ್ಕೆ ಒತ್ತಿ. 30 ಸೆಂ.ಮೀ.ವರೆಗೆ ಇಳಿದರೆ ಚಿಂತೆಯಿಲ್ಲ. ಒಂದು ಗೇಣೂ ಇಳಿಯದೆ ನಿಂತರೆ, ಅದೂ ಹತ್ತು ಕಡೆ ಒತ್ತಿದಾಗ ಏಳೆಂಟು ಕಡೆ ನಿಂತರೆ, ಬೇರು ಕಷ್ಟದಲ್ಲಿದೆ ಎಂದೇ ಅರ್ಥ. ಎರಡನೆಯದು ನೀರಿನ ಪರೀಕ್ಷೆ. ಎರಡೂ ಬದಿ ತೆರೆದ, 15 ಸೆಂ.ಮೀ. ಅಗಲದ ತಗಡಿನ ಡಬ್ಬಿಯನ್ನು 5 ಸೆಂ.ಮೀ. ಆಳಕ್ಕೆ ಬಡಿದು ಕೂರಿಸಿ, ಒಳಗೆ 450 ಮಿ.ಲೀ. ನೀರು ಸುರಿಯಬೇಕು. ಅಂದರೆ ಒಂದು ಅಂಗುಲ ಮಳೆಯಷ್ಟು. ತರಗೆಲೆ ಮುಚ್ಚಿದ, ತುಳಿಯದ ಜಾಗದಲ್ಲಿ ಅದು ನಿಮಿಷಗಳಲ್ಲಿ ಇಂಗುತ್ತದೆ. ತುಳಿದ ಜಾಗದಲ್ಲಿ ಗಂಟೆ ಕಳೆದರೂ ತಳದಲ್ಲಿ ನೀರು ಮಿನುಗುತ್ತಿರುತ್ತದೆ. ಒಂದೇ ಮರದ ಕೆಳಗೆ ದಾರಿಯ ಕಡೆ ಮತ್ತು ಒಳಗಡೆ ಎರಡೂ ಕಡೆ ಮಾಡಿ ನೋಡಿದರೆ ವ್ಯತ್ಯಾಸಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಗಟ್ಟಿಯಾದ ಮಣ್ಣು ಕಂಡೊಡನೆ ಗುದ್ದಲಿ, ಪಿಕಾಸಿ ಹಿಡಿದು ಅಗತೆ ಮಾಡುವುದು ನಮ್ಮಲ್ಲಿ ವಾಡಿಕೆ. ಅಡಿಕೆ, ತೆಂಗಿಗೆ ಒಗ್ಗಿದ ಕೈ ಅದು. ಹಳೆಯ ಮರಕ್ಕೆ ಅದು ಸಲ್ಲದು. ಹೀರುವ ಬೇರೆಲ್ಲ ಆ ಮೇಲಿನ ಪದರದಲ್ಲೇ ಇರುವುದರಿಂದ, ಸಡಿಲ ಮಾಡಲು ಹೋಗಿ ಇರುವ ಬೇರನ್ನೂ ಕಡಿದಂತಾಗುತ್ತದೆ. ಅದರ ಬದಲು ಕೈ ಬೈರಿಗೆಯಿಂದ 5 ಸೆಂ.ಮೀ. ಅಗಲದ, 30ರಿಂದ 40 ಸೆಂ.ಮೀ. ಆಳದ ತೂತುಗಳನ್ನು ಕೊರೆಯಬೇಕು. ಕಾಂಡದಿಂದ ಕನಿಷ್ಠ ಎರಡು ಮೀಟರ್ ಬಿಟ್ಟು ಶುರುಮಾಡಿ, ಕೊಂಬೆಯ ತುದಿಯವರೆಗೆ 60 ಸೆಂ.ಮೀ.ಗೆ ಒಂದರಂತೆ. ಬೈರಿಗೆಗೆ ದಪ್ಪ ಬೇರು ತಗುಲಿದರೆ ನಿಲ್ಲಿಸಿ ಒಂದು ಗೇಣು ಪಕ್ಕಕ್ಕೆ ಸರಿಯಬೇಕು. ತೂತಿಗೆ ಅರ್ಧ ಒರಟು ಮರಳು, ಅರ್ಧ ಚೆನ್ನಾಗಿ ಕಳಿತ ಎಲೆಗೊಬ್ಬರ. ಹಸಿ ಸಗಣಿ ಹಾಕಬಾರದು. ಅದು ಕೊಳೆಯುವಾಗ ಕಾವು ಏರಿ, ಇರುವ ಗಾಳಿಯನ್ನೂ ತಾನೇ ಹೀರುತ್ತದೆ. ಮಳೆಗಾಲ ಕಳೆದು ಮಣ್ಣಿನಲ್ಲಿ ಹದ ಉಳಿದಿರುವ ನವೆಂಬರ್ ತಿಂಗಳು ಇದಕ್ಕೆ ಹೇಳಿಮಾಡಿಸಿದ್ದು. ನೆನೆದ ಮಣ್ಣಿನಲ್ಲಿ ಕೊರೆದರೆ ತೂತಿನ ಗೋಡೆ ನುಣ್ಣಗೆ ಮೆತ್ತಿಕೊಂಡು, ಬೇರು ಆಚೆ ನುಗ್ಗಲಾರದು. ಏಪ್ರಿಲ್‌ನಲ್ಲಿ ಕೊರೆಯಲಿಕ್ಕೇ ಆಗುವುದಿಲ್ಲ.

ಇದರ ಮೇಲೆ ತರಗೆಲೆ ಹೊದಿಕೆ, 8ರಿಂದ 10 ಸೆಂ.ಮೀ. ದಪ್ಪ. ಕಾಂಡಕ್ಕೆ ತಾಗದಂತೆ ಸುತ್ತ ಒಂದು ಗೇಣು ಬರಿದಾಗಿ ಬಿಡಬೇಕು. ಗುಡ್ಡೆ ಮಾಡಿ ಕಾಂಡಕ್ಕೆ ಒತ್ತರಿಸಿದರೆ ತೊಗಟೆ ಸದಾ ತೇವವಾಗಿದ್ದು ಕೊಳೆಯುತ್ತದೆ. ಹೊದಿಕೆಗೆ ಹೊರಗಿನಿಂದ ಏನನ್ನೂ ಕೊಳ್ಳಬೇಕಿಲ್ಲ. ಇಷ್ಟು ಮರಗಳ ತೋಟದಲ್ಲಿ ಎಲೆಗೆ ಬರವೇ? ಆದರೆ ಎಲೆ ಬಿದ್ದ ಬೆಳಿಗ್ಗೆಯೇ ಗುಡಿಸಿ ಸಾಗಿಸುವುದು ಸ್ವಚ್ಛತೆ ಎನಿಸಿಕೊಂಡಿದೆ. ದಾರಿಯ ಮೇಲಿನದನ್ನು ಗುಡಿಸಲಿ, ಜಾರುತ್ತದೆ. ಮರದ ಕೆಳಗಿನದನ್ನು ಅಲ್ಲೇ ಬಿಡಲಿ. ಬೇಸಿಗೆಯಲ್ಲಿ ಬೀಡಿ, ಸಿಗರೇಟಿನ ಕಿಡಿ ಬೀಳುತ್ತದೆ, ಹಾವು ಸೇರುತ್ತದೆ ಎಂಬ ಆಕ್ಷೇಪಗಳಲ್ಲಿ ಹುರುಳಿದೆ. ಅದಕ್ಕೆ ದಾರಿಯಂಚಿನ ಎರಡು ಮೀಟರ್ ಪಟ್ಟಿಯನ್ನು ಬರಿದಾಗಿಟ್ಟು, ಉಳಿದ ಕಡೆ ಎಲೆಯನ್ನು ಯಂತ್ರದಲ್ಲಿ ಪುಡಿಮಾಡಿ ನೀರು ಚಿಮುಕಿಸಿ ಹರಡಿದರೆ ಸಾಕು. ಪುಡಿಯಾದ ಎಲೆ ಬೇಗ ಹೊತ್ತುವುದಿಲ್ಲ, ಒಂದೆರಡು ಮಳೆಗೆ ಮಣ್ಣಿಗೆ ಕೂಡಿಕೊಳ್ಳುತ್ತದೆ. ಇಷ್ಟೆಲ್ಲ ಮಾಡಿದರೂ ಮಣ್ಣು ಸುಧಾರಿಸಲು ಮೂರ್ನಾಲ್ಕು ವರ್ಷ ಹಿಡಿಯುತ್ತದೆ. ನಡುವೆ ಒಂದು ಆಗಸ್ಟ್ ತುಳಿದರೆ ಲೆಕ್ಕ ಮತ್ತೆ ಮೊದಲಿನಿಂದ.

ತುಳಿತದಷ್ಟೇ ಕೆಟ್ಟದ್ದು ಅಂದಕ್ಕೆಂದು ಮಣ್ಣು ಏರಿಸುವುದು. ಬೇರು ಮೇಲೆದ್ದು ಕಾಣುತ್ತದೆ, ಎಡವುತ್ತಾರೆ ಎಂದು ಒಂದು ಲೋಡು ಕೆಮ್ಮಣ್ಣು ತಂದು ಹರಡಿ, ಮೇಲೆ ಹುಲ್ಲು ಹಾಸಿ, ಸುತ್ತ ಕಲ್ಲಿನ ಕಟ್ಟೆ ಕಟ್ಟಿದರೆ ಚಿತ್ರಕ್ಕೆ ಚೆಂದ. ಒಂದು ಗೇಣು ಜಿಗುಟು ಮಣ್ಣು ಏರಿದರೂ ಕೆಳಗಿನ ಬೇರಿಗೆ ಗಾಳಿ ತಪ್ಪುತ್ತದೆ. ಮರದ ಬುಡ ನೆಲಕ್ಕೆ ಇಳಿಯುವಲ್ಲಿ ಅಗಲವಾಗಿ ಹರಡಿರಬೇಕು. ಟೆಲಿಫೋನ್ ಕಂಬದ ಹಾಗೆ ನೆಟ್ಟಗೆ ಮಣ್ಣೊಳಗೆ ಹೋಗಿದ್ದರೆ ಯಾರೋ ಮಣ್ಣು ಏರಿಸಿದ್ದಾರೆ ಎಂದೇ ತಿಳಿಯಬೇಕು. ಇದರ ಪರಿಣಾಮ ಆ ವರ್ಷವೇ ಕಾಣುವುದಿಲ್ಲ. ಮೂರರಿಂದ ಐದು ವರ್ಷಕ್ಕೆ ನೆತ್ತಿಯ ಕೊಂಬೆಗಳು ತುದಿಯಿಂದ ಒಣಗುತ್ತ ಬರುತ್ತವೆ. ಆ ಹೊತ್ತಿಗೆ ಮಣ್ಣು ಹಾಕಿಸಿದವರು ವರ್ಗವಾಗಿರುತ್ತಾರೆ, ಹೊಸಬರು ಕೀಟನಾಶಕ ಹೊಡೆಸುತ್ತಾರೆ. ಏರಿಸಿದ ಮಣ್ಣನ್ನು ತೆಗೆಯುವುದೊಂದೇ ಮದ್ದು. ಅದೂ ಕೈಯಿಂದ, ಕಾಂಡದ ಕಡೆಯಿಂದ ಹೊರಕ್ಕೆ, ಬೇರಿನ ತೊಗಟೆ ಸುಲಿಯದಂತೆ.

ಹುಲ್ಲುಹಾಸಿಗೂ ಮರಕ್ಕೂ ಮೂಲತಃ ಆಗಿಬರುವುದಿಲ್ಲ. ಹುಲ್ಲಿಗೆ ದಿನವೂ ಒಂದಿಷ್ಟು ನೀರು ಬೇಕು, ದೊಡ್ಡ ಮರಕ್ಕೆ ಅಪರೂಪಕ್ಕೆ ಆಳವಾಗಿ ನೀರು ಇಳಿಯಬೇಕು. ದಿನವೂ ಸ್ಪ್ರಿಂಕ್ಲರ್ ಕಾಂಡಕ್ಕೇ ಚಿಮ್ಮುತ್ತಿದ್ದರೆ ಬುಡದಲ್ಲಿ ಅಣಬೆ ರೋಗ ಹಿಡಿಯುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ತಂತಿ ತಗುಲಿ ಬುಡದ ತೊಗಟೆ ಸುತ್ತಲೂ ಸುಲಿದರೆ ಎಳೆಯ ಗಿಡ ಸತ್ತೇ ಹೋಗುತ್ತದೆ. ತೊಗಟೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಯುವುದರಿಂದ ಲಾಭವೂ ಇಲ್ಲ, ದೊಡ್ಡ ನಷ್ಟವೂ ಇಲ್ಲ, ಕೂಲಿ ದಂಡ ಅಷ್ಟೆ. ದೀಪಾಲಂಕಾರದ ವೈರನ್ನು ಬಿಗಿದು ಸುತ್ತಿ, ಕಾರ್ಯಕ್ರಮ ಮುಗಿದ ಮೇಲೆ ಮರೆತುಬಿಡುವುದು ಮಾತ್ರ ನಷ್ಟವೇ. ಕಾಂಡ ದಪ್ಪವಾಗುತ್ತ ಹೋದಂತೆ ವೈರು ತೊಗಟೆಯೊಳಕ್ಕೆ ಕೊರೆದು ಆಹಾರದ ಹರಿವನ್ನು ತಡೆಯುತ್ತದೆ. ಪೊಟರೆಗೆ ಸಿಮೆಂಟು ತುಂಬುವುದು ಹಳೆಯ ಕಾಲದ ಚಿಕಿತ್ಸೆ. ಮರ ಗಾಳಿಗೆ ಬಾಗುತ್ತದೆ, ಸಿಮೆಂಟು ಬಾಗುವುದಿಲ್ಲ. ನಡುವಿನ ಸಂದಿನಲ್ಲಿ ನೀರು ಸೇರಿ ಕೊಳೆತ ಹೆಚ್ಚುತ್ತದೆ. ಪೊಟರೆಯನ್ನು ಹಾಗೇ ಬಿಟ್ಟರೆ ಗಿಣಿ, ಗೂಬೆಗಳಾದರೂ ಸಂಸಾರ ಮಾಡುತ್ತವೆ.

ಬೀಳಬಹುದಾದ ಮರವನ್ನು ಮೊದಲೇ ಗುರುತಿಸಲು ಕೆಲವು ಲಕ್ಷಣಗಳಿವೆ. ಬುಡದಲ್ಲಿ ಹಲಗೆಯಂತೆ ಗಟ್ಟಿ ಅಣಬೆ ಎದ್ದಿರುವುದು, ಮರದ ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು, ವಾಲಿದ ದಿಕ್ಕಿನ ಹಿಂಬದಿಯಲ್ಲಿ ನೆಲ ಬಿರಿದು ಮಣ್ಣು ಎದ್ದಿರುವುದು. ಕೊನೆಯದು ಕಂಡರೆ ಅದೇ ದಿನ ಸುತ್ತ ಹಗ್ಗ ಕಟ್ಟಿ ಜನರನ್ನು ದೂರ ಇಡಬೇಕು. ಆದರೆ ವಾಲಿದ್ದೆಲ್ಲ ಬೀಳುವುದಿಲ್ಲ. ಗಾಜಿನ ಮನೆಯ ಹತ್ತಿರ ಎಲ್ಲರೂ ಫೋಟೊ ತೆಗೆಯುವ ಕುಕ್ ಪೈನ್, ಜನ ಕ್ರಿಸ್‌ಮಸ್ ಮರ ಎನ್ನುವ ಆ ಅರಾಕೇರಿಯಾ, ಪ್ರಪಂಚದ ಯಾವ ಮೂಲೆಯಲ್ಲಿ ನೆಟ್ಟರೂ ಸಮಭಾಜಕ ವೃತ್ತದ ಕಡೆಗೆ ತುಸು ವಾಲಿಯೇ ಬೆಳೆಯುವ ಜಾತಿ. ಅದರ ಓರೆಯನ್ನು ನೋಡಿ ಗಾಬರಿಪಟ್ಟು ಗರಗಸ ತರಬಾರದು. ಮಾವು, ಸಂಪಿಗೆಗಳ ಕೊಂಬೆಗೆ ಹತ್ತುವ ಬಂದಳಿಕೆಯನ್ನು ತೆಗೆಸುವಾಗ ಅದನ್ನಷ್ಟೇ ಕಿತ್ತರೆ ಮತ್ತೆ ಚಿಗುರುತ್ತದೆ. ಅದು ಅಂಟಿದ ಜಾಗದಿಂದ ಒಂದೂವರೆ ಅಡಿ ಒಳಗೆ ಕೊಂಬೆಯನ್ನೇ ಕತ್ತರಿಸಬೇಕು. ದೊಡ್ಡ ಕೊಂಬೆಯಾದರೆ ಮೊದಲು ಕೆಳಗಿನಿಂದ ಕಾಲುಭಾಗ ಕೊಯ್ದು, ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಮೋಟನ್ನು ಬುಡದ ಉಬ್ಬಿನ ಹೊರಗೆ ಕೊಯ್ಯುವುದು ಸರಿಯಾದ ಕ್ರಮ. ಆ ಉಬ್ಬಿನಿಂದಲೇ ಗಾಯ ಮುಚ್ಚುವುದು. ಅದನ್ನೂ ಸವರಿ ಕಾಂಡಕ್ಕೆ ಸಪಾಟು ಮಾಡಿದರೆ ಗಾಯ ಮುಚ್ಚದೆ ಕೊಳೆತ ಒಳಗಿಳಿಯುತ್ತದೆ.

ಎಷ್ಟು ಜೋಪಾನ ಮಾಡಿದರೂ ಇನ್ನೂರು ವರ್ಷದ ಮರಕ್ಕೆ ಮತ್ತೆ ಇನ್ನೂರು ವರ್ಷ ಕೊಡಲಾಗದು. ಹಾಗಾಗಿ ಉತ್ತರಾಧಿಕಾರಿಯನ್ನು ಈಗಲೇ ಬೆಳೆಸಬೇಕು. ಅದೂ ಅದೇ ಮರದಿಂದ. ಎಲ್ಲಕ್ಕೂ ಒಂದೇ ವಿಧಾನ ಸಲ್ಲದು. ಬಿಳಿ ಬೂರುಗ, ನಾಗಲಿಂಗ, ಮಳೆಮರಗಳದು ಸುಲಭ, ಬೀಜದಿಂದಲೇ ಬರುತ್ತವೆ. ಆಮ್ಹರ್ಸ್ಟಿಯಾ ಬೀಜ ಕಟ್ಟುವುದು ಅಪರೂಪ. ಅದಕ್ಕೆ ಗೂಟಿಯೇ, ಅಂದರೆ ರೆಂಬೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದೇ, ದಾರಿ. ಮಳೆಗಾಲದ ಮೊದಲಿಗೆ ಪೆನ್ಸಿಲ್ ದಪ್ಪದ ಬಲಿತ ರೆಂಬೆಯಲ್ಲಿ 3 ಸೆಂ.ಮೀ. ಅಗಲಕ್ಕೆ ತೊಗಟೆಯನ್ನು ಬಳೆಯಂತೆ ತೆಗೆದು, ಒಳಗಿನ ಲೋಳೆ ಪದರವನ್ನೂ ಚಾಕುವಿನಿಂದ ಕೆರೆಯಬೇಕು. ಕೆರೆಯದಿದ್ದರೆ ತೊಗಟೆ ಮತ್ತೆ ಕೂಡಿಕೊಂಡು ಬೇರು ಬರುವುದಿಲ್ಲ, ಗೂಟಿ ಕೆಡುವುದು ಬಹುಮಟ್ಟಿಗೆ ಇಲ್ಲಿಯೇ. ಮೇಲಂಚಿಗೆ ಬೇರು ಬರಿಸುವ ಹಾರ್ಮೋನ್ ಪುಡಿ ಹಚ್ಚಿ, ನೆನೆಸಿ ಹಿಂಡಿದ ಪಾಚಿಯನ್ನು ಮುಷ್ಟಿಯಷ್ಟು ಸುತ್ತಿ, ಪಾಲಿಥಿನ್‌ನಿಂದ ಮುಚ್ಚಿ ಎರಡೂ ತುದಿ ಬಿಗಿಯಾಗಿ ಕಟ್ಟಬೇಕು. ನೀರು ಒಳಹೊಕ್ಕರೆ ಕೊಳೆಯುತ್ತದೆ. ಎರಡು ತಿಂಗಳಿನಿಂದ ಮೂರು ತಿಂಗಳಲ್ಲಿ ಬೇರು ಹೊರಗೆ ಕಂಡಾಗ ಒಮ್ಮೆಗೇ ಕತ್ತರಿಸದೆ, ಮೊದಲು ಅರ್ಧ, ಹದಿನೈದು ದಿನ ಬಿಟ್ಟು ಪೂರ್ತಿ.

ಕುಕ್ ಪೈನ್‌ನದು ಬೇರೆಯೇ ತಕರಾರು. ಅಡ್ಡಕೊಂಬೆಯ ತುಂಡು ನೆಟ್ಟರೆ ಬೇರು ಬಂದೀತು, ಆದರೆ ಆ ಗಿಡ ಜೀವಮಾನವಿಡೀ ಅಡ್ಡಕ್ಕೇ ಹರಿಯುತ್ತದೆ, ಮೇಲೇಳುವುದಿಲ್ಲ. ನೆತ್ತಿಯ ಕುಡಿಯಿಂದಲೋ, ಕಾಂಡದಿಂದ ನೆಟ್ಟಗೆ ಚಿಗುರಿದ ಕುಡಿಯಿಂದಲೋ, ತಾಜಾ ಬೀಜದಿಂದಲೋ ಮಾತ್ರ ಸರಿಯಾದ ಮರ ಸಿಗುತ್ತದೆ. ಹಳೆಯ ಮಾವಿನ ವಾಟೆ ನೆಟ್ಟರೆ ಅದೇ ಗುಣ ಬರುವ ಖಾತ್ರಿಯಿಲ್ಲ. ಕಸಿಯೇ ಆಗಬೇಕು. ಮುದಿ ಮರದಲ್ಲಿ ಕಸಿಗೆ ತಕ್ಕ ಹುರುಪಿನ ಕಡ್ಡಿ ಸಿಗುವುದಿಲ್ಲವಾದ್ದರಿಂದ, ಒಂದು ಸಣ್ಣ ಕೊಂಬೆಯನ್ನು ಮೊದಲೇ ಹಗುರವಾಗಿ ಸವರಿ ಹೊಸ ಚಿಗುರು ಬರಿಸಬೇಕು. ಆ ಚಿಗುರು ಮೂರ್ನಾಲ್ಕು ತಿಂಗಳು ಬಲಿತ ಮೇಲೆ, ಕಸಿಗೆ ಹತ್ತು ದಿನ ಮುಂಚೆ ಅದರ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿದರೆ ಕಣ್ಣು ಉಬ್ಬುತ್ತದೆ. ಜುಲೈ, ಆಗಸ್ಟ್‌ನಲ್ಲಿ ನಾಟಿ ಸಸಿಯ ಎಳೆ ಕಾಂಡಕ್ಕೆ ಕಟ್ಟಿದರೆ ಹತ್ತುವ ಪ್ರಮಾಣ ಹೆಚ್ಚು.

ಹೀಗೆ ಬೆಳೆಸಿದ ಸಸಿಯನ್ನು ತಾಯಿಮರದ ನೆರಳಲ್ಲೇ ನೆಡಬಾರದು, ಬೆಳಕಿಲ್ಲದೆ ಸೊರಗುತ್ತದೆ. ಹತ್ತಿರದ ಬಯಲಿನಲ್ಲಿ ಎರಡು ನೆಟ್ಟು, ಇನ್ನೆರಡನ್ನು ಇಲಾಖೆಯ ಬೇರೆ ತೋಟಗಳಿಗೆ ಕೊಡುವುದು ಕ್ಷೇಮ. ಯಾವುದು ಎಲ್ಲಿಗೆ ಎಂಬುದನ್ನು ಹವೆ ನೋಡಿ ನಿರ್ಧರಿಸಬೇಕು. ಆಮ್ಹರ್ಸ್ಟಿಯಾವನ್ನು ನಂದಿಬೆಟ್ಟದ ಚಳಿಗೆ ಕಳಿಸಿದರೆ ಕಳೆದುಕೊಂಡಂತೆಯೇ. ಅದಕ್ಕೆ ಕರಾವಳಿಯ ತೇವ ಬೇಕು. ಪ್ರತಿ ಸಸಿಗೂ ನೆಟ್ಟ ವರ್ಷ ಮತ್ತು ಸರಣಿ ಸಂಖ್ಯೆ ಸೇರಿದ ಗುರುತು, ತಾಯಿಮರದ ಗುರುತು, ತಂದವರ ವಿವರ ಒಂದೇ ಪುಸ್ತಕದಲ್ಲಿ ಇರಬೇಕು. ಕ್ಯಾಮರಾನ್ 19ನೇ ಶತಮಾನದಲ್ಲೇ ಈ ತೋಟದ ಗಿಡಗಳ ಪಟ್ಟಿಯನ್ನು ಅಚ್ಚು ಹಾಕಿಸಿದ್ದರು. ಕಂಪ್ಯೂಟರ್ ಇರುವ ಕಾಲದಲ್ಲಿ ಅದು ಕಷ್ಟವಾಗಬಾರದು. ನಾಮಫಲಕವನ್ನು ಕಾಂಡಕ್ಕೆ ತಂತಿಯಿಂದ ಬಿಗಿಯುವ ಬದಲು ಬುಡದ ಪಕ್ಕ ಕಂಬಕ್ಕೆ ಹಾಕುವುದು ಒಳ್ಳೆಯದು. ಮರಕ್ಕೇ ಹಾಕಬೇಕಾದರೆ ಅಲ್ಯೂಮಿನಿಯಂ ಮೊಳೆಗೆ ಸ್ಪ್ರಿಂಗ್ ಸೇರಿಸಿ ಹೊಡೆಯಬೇಕು. ಕಾಂಡ ದಪ್ಪವಾದಂತೆ ಸ್ಪ್ರಿಂಗ್ ಕುಗ್ಗಿ, ಫಲಕ ತೊಗಟೆಯೊಳಗೆ ಹೂತುಹೋಗುವುದಿಲ್ಲ.

ಬಂಡೆಯ ಬಗ್ಗೆ ಎರಡೇ ಮಾತು. ಕೆಂಪೇಗೌಡರ ಗೋಪುರ ನಿಂತಿರುವ, ‘ನೈಸ್’ ಎಂಬ ಪಟ್ಟೆಪಟ್ಟೆಯ ಆ ಶಿಲೆಗೆ ಸುಮಾರು 300 ಕೋಟಿ ವರ್ಷ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ಮೇಲೆ ಬಿದ್ದ ಮಳೆಯೆಲ್ಲ ಹರಿದು ಬರುವುದು ಕೆಳಗಿನ ತೆಳು ಮಣ್ಣಿಗೆ. ಅಲ್ಲಿನ ಗಿಡಮರಗಳು ನಿಂತಿರುವುದೇ ಆ ನೀರಿನಿಂದ. ಬಂಡೆಯ ಬುಡದ ಸುತ್ತ ಸಿಮೆಂಟು ದಾರಿಯೋ ಚರಂಡಿಯೋ ಮಾಡಿ ಆ ನೀರನ್ನು ಬೇರೆಡೆ ತಿರುಗಿಸುವ ಯೋಚನೆ ಯಾರಿಗೂ ಬಾರದಿರಲಿ.

1975ರ ಸರ್ಕಾರಿ ಉದ್ಯಾನ ಸಂರಕ್ಷಣಾ ಕಾಯ್ದೆ ಲಾಲ್‌ಬಾಗ್‌ನ ಗಡಿಯನ್ನು ಕಾಯುವುದಕ್ಕೆ ಇದೆ. 1976ರ ಮರ ಸಂರಕ್ಷಣಾ ಕಾಯ್ದೆ ಮರ ಕಡಿಯದಂತೆ ತಡೆಯಲು ಇದೆ. ಬುಡದ ಮಣ್ಣನ್ನು ಕಾಯಲು ಹೊಸ ಕಾಯ್ದೆಗೆ ಕಾಯಬೇಕಿಲ್ಲ. ಮಳಿಗೆಗಳ ಟೆಂಡರಿನಲ್ಲಿ ಮೂರು ಷರತ್ತು ಬರೆದರೆ ಆಯಿತು: ಹಗ್ಗದ ಗೆರೆಯೊಳಗೆ ಮಳಿಗೆಯಾಗಲಿ ಗಾಡಿಯಾಗಲಿ ಇಲ್ಲ, ಮಳೆ ಬಂದ ದಿನ ಡಾಂಬರು ಬಿಟ್ಟು ಚಕ್ರ ಇಳಿಸುವಂತಿಲ್ಲ, ಗೆರೆ ದಾಟಿದರೆ ಠೇವಣಿ ಮುಟ್ಟುಗೋಲು. ಆಗಸ್ಟ್ ಪ್ರದರ್ಶನಕ್ಕೆ ಈ ಷರತ್ತುಗಳು ಏಪ್ರಿಲ್ ಒಳಗೇ ಕರಡಿಗೆ ಸೇರಬೇಕು, ಮರಗಳ ಸುತ್ತಳತೆ ಹಿಡಿದು ನಕ್ಷೆಯಲ್ಲಿ ವೃತ್ತ ಹಾಕುವ ಕೆಲಸ ಅದಕ್ಕೂ ಮುಂಚೆ ಆಗಿರಬೇಕು. ಜುಲೈ ಕೊನೆಗೆ ಹಗ್ಗ ಹಿಡಿದು ಹೊರಟರೆ, ಗುತ್ತಿಗೆದಾರರು ಆ ಹೊತ್ತಿಗೆ ಯಾವ ಮಳಿಗೆ ಯಾವ ಮರದ ಕೆಳಗೆ ಎಂದು ಹಂಚಿ ಮುಂಗಡವನ್ನೂ ಪಡೆದಿರುತ್ತಾರೆ.

ಇಂತಿ,
ತೋಟಗಾರಿಕೆಯ ನಿವೃತ್ತ ಉಪನ್ಯಾಸಕ
ಬಸವನಗುಡಿ, ಬೆಂಗಳೂರು